ಅಂಗುಳಿನ ಕೀಲಿ

ದರ್ಜಿಯೂ ಅವನ ಹೆಂಡತಿಯೂ ಬೇರೆಯಾದ ಮೇಲೆ ಮುಖ ಕೊಟ್ಟು ಮಾತಾಡಿದ್ದೇ ಇಲ್ಲ. ಹೇಳಬೇಕಾದದ್ದೆಲ್ಲ ಮಗಳ ಬಾಯಲ್ಲಿ ಹೋಗಿ ಬರುತ್ತಿತ್ತು. ಶೂ ಹರಿದಿದೆ ಅಂತ ನಿಮ್ಮಪ್ಪನಿಗೆ ಹೇಳು, ನಾಳೆ ಕೊಡಿಸ್ತೀನಿ ಅಂತ ನಿಮ್ಮಮ್ಮನಿಗೆ ಹೇಳು. ದೊಡ್ಡವರ ಹಟಕ್ಕೆ ಪುಟ್ಟಿ ಅಂಚೆಯಣ್ಣನಾಗಿದ್ದಳು. ಈಗ ಆ ಬಾಯೊಳಗೇ ಒಂದು ಯಂತ್ರ ಬಂದು ಕೂತಿತ್ತು.

ಪುಟ್ಟಿಯ ಮೇಲ್ದವಡೆ ಇಕ್ಕಟ್ಟು. ಹಲ್ಲುಗಳು ಒಂದರ ಮೇಲೊಂದು ಹತ್ತಿ ನಿಂತಿದ್ದವು, ನಿದ್ದೆಯಲ್ಲಿ ಬಾಯಿ ತೆರೆದೇ ಉಸಿರಾಡುತ್ತಿದ್ದಳು. ಅಂಗುಳು ಅಗಲವಾಗಲೆಂದು ಹಲ್ಲಿನ ಡಾಕ್ಟರು ಲೋಹದ ಸಾಧನ ಅಂಟಿಸಿದರು. ಅದರ ನಡುವೆ ಒಂದು ತಿರುಪು. ದಿನಕ್ಕೊಮ್ಮೆ, ಒಮ್ಮೆ ಮಾತ್ರ, ಪುಟ್ಟ ಕೀಲಿಯನ್ನು ಅದರ ತೂತಿಗೆ ಸಿಕ್ಕಿಸಿ ಗಂಟಲಿನ ಕಡೆಗೆ ನೂಕಬೇಕು. ಕೀಲಿ ತಾಯಿಯ ಕೈಗೆ ಹೋಯಿತು. ದರ್ಜಿ ಸುಮ್ಮನಿರುತ್ತಾನೆಯೇ? ಮರುದಿನವೇ ಡಾಕ್ಟರ ಹತ್ತಿರ ಹೋಗಿ, "ಸಂಜೆ ತನಕ ಮಗು ನನ್ನ ಅಂಗಡೀಲೇ ಇರುತ್ತೆ" ಎಂದು ಇನ್ನೊಂದನ್ನು ಇಸಕೊಂಡು ಬಂದ.

ಶಾಲೆ ಬಿಟ್ಟು ಪುಟ್ಟಿ ಅಂಗಡಿಗೆ ಬಂದ ಕೂಡಲೇ ಅವನ ಪ್ರಶ್ನೆ ಒಂದೇ.

"ಬೆಳಿಗ್ಗೆ ಅಮ್ಮ ತಿರುಗಿಸಿದ್ಲಾ?"

"ಇಲ್ಲಪ್ಪ. ಡ್ಯೂಟಿಗೆ ಹೊತ್ತಾಯ್ತು ಅಂತ ಓಡಿದ್ಲು."

ತಾಯಿ ಬಸ್ ಕಂಡಕ್ಟರ್. ಆ "ಇಲ್ಲ" ದರ್ಜಿಯ ಕಿವಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು. ನೋಡಿದ್ಯಾ, ಅವಳಿಗೆ ಪುರುಸೊತ್ತಿಲ್ಲ, ನಾನಿದ್ದೀನಿ ಎಂದು ಒಳಗೊಳಗೇ ಬೀಗುತ್ತಿದ್ದ. ಮೆಷಿನ್ ನಿಲ್ಲಿಸಿ, ಬೆಂಚಿನ ಮೇಲೆ ಅವಳ ತಲೆಯನ್ನು ತೊಡೆಗಿಟ್ಟುಕೊಂಡು, ಟಾರ್ಚ್ ಹಿಡಿದು ಕೀಲಿ ನೂಕುತ್ತಿದ್ದ. ಅವನ ಕೊರಳಿಂದ ಇಳಿಬಿದ್ದ ಅಳತೆ ಟೇಪಿನ ತುದಿಯನ್ನು ಪುಟ್ಟಿ ಬಿಗಿಯಾಗಿ ಹಿಡಿದಿರುತ್ತಿದ್ದಳು. ಕಣ್ಣಂಚಲ್ಲಿ ನೀರು. "ಆಯ್ತು ಬಂಗಾರ, ಆಯ್ತು" ಎಂದು ಅವನು ಕೆನ್ನೆ ಸವರುತ್ತಿದ್ದ. ಆಮೇಲೆ ಮತ್ತೆ ಮೆಷಿನ್ ಗಡಗಡ ಶುರುವಾದರೆ ಅವನಿಗೆ ಲೋಕವೇ ಬೇಡ.

ಒಂದು ದಿನ ಡಾಕ್ಟರು ಇಬ್ಬರನ್ನೂ ಕರೆಸಿದರು. ಒಂದೇ ಬೆಂಚಿನ ಎರಡು ತುದಿಗೆ ಇಬ್ಬರೂ ಕೂತರು, ನಡುವೆ ಪುಟ್ಟಿ. ಡಾಕ್ಟರು ಅವಳ ತುಟಿ ಎತ್ತಿ ತೋರಿಸಿದರು. ಮುಂದಿನ ಎರಡು ಹಲ್ಲುಗಳ ನಡುವೆ ದೊಡ್ಡ ಸಂದು.

"ಸಂದು ಬಿಡೋದು ಸಹಜವೇ. ಆದ್ರೆ ಇಷ್ಟು ಬೇಗ ಇಷ್ಟು ಬಿಡಬಾರದಿತ್ತು. ದಿನಕ್ಕೆ ಎಷ್ಟು ಸಲ ತಿರುಗಿಸ್ತಿದ್ರಿ?"

"ಒಂದೇ ಸಲ," ಅಂದ ದರ್ಜಿ.

"ಒಂದೇ ಸಲ," ಅಂದಳು ಕಂಡಕ್ಟರ್.

"ಯಾರು?"

"ನಾನು," ಅಂದರು ಇಬ್ಬರೂ ಒಟ್ಟಿಗೆ.

ಆಮೇಲೆ ಶುರುವಾಯಿತು ನೋಡಿ ಜಗಳ. ನಿನಗ್ಯಾರು ಹೇಳಿದ್ದು, ನಿನಗೆ ಕೇಳೋಕೇನಾಗಿತ್ತು ಅಂತ ತಿಂಗಳುಗಟ್ಟಲೆ ನುಂಗಿದ್ದೆಲ್ಲ ಡಾಕ್ಟರ ಎದುರೇ ಹೊರಬಂತು.

"ದಿನಾ ರಾತ್ರಿ ಪುಟ್ಟೀನ ಕೇಳೇ ತಿರುಗಿಸ್ತಿದ್ದೆ," ಎಂದಳು ತಾಯಿ. "ಅಪ್ಪ ಮುಟ್ಟೇ ಇಲ್ಲ ಅಂದ್ಲು."

ಇಬ್ಬರೂ ಮಗಳ ಕಡೆ ತಿರುಗಿದರು. ಯಂತ್ರದ ದೆಸೆಯಿಂದ ಅವಳ ಮಾತು ತೊದಲುತ್ತಿತ್ತು.

"ಆಗಿದೆ ಅಂದ್ರೆ ಯಾರೂ ತೊಡೆ ಮೇಲೆ ಮಲಗಿಸ್ಕೊಳಲ್ವಲ್ಲ," ಎಂದಳು.

ದರ್ಜಿಗೆ ಈಗ ಅರ್ಥವಾಯಿತು. ಎರಡು ಮನೆಯ ನೋವನ್ನು ಒಂದೇ ಬಾಯಲ್ಲಿ ತಡಕೊಂಡಿದ್ದಳಲ್ಲ! ಅದೂ ಎರಡು ತೊಡೆಗಳ ಆಸೆಗೆ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಂಡಿತು.

ಡಾಕ್ಟರು ಎರಡೂ ಕೀಲಿ ವಾಪಸ್ ಪಡೆದು ಡ್ರಾಯರಿಗೆ ಹಾಕಿದರು. "ಇನ್ನು ಯಾರೂ ತಿರುಗಿಸೋದು ಬೇಡ. ಕೆಲವು ತಿಂಗಳು ಸುಮ್ಮನೆ ಬಿಡಿ, ಬಿಟ್ಟ ಜಾಗದಲ್ಲಿ ಮೂಳೆ ತುಂಬಿಕೊಳ್ಳುತ್ತೆ. ಮುಂದಿನ ಸಲ ಇಬ್ಬರೂ ಬರಬೇಕಾಗಿಲ್ಲ. ಒಬ್ಬರು ಸಾಕು."

ಮರುದಿನ ಸಂಜೆ ಪುಟ್ಟಿ ಅಂಗಡಿಗೆ ಬಂದು, ಬ್ಯಾಗ್ ಇಳಿಸಿ, ಬಾಯಿ ಮುಕ್ಕಳಿಸಿ ಬೆಂಚಿನ ಪಕ್ಕ ನಿಂತಳು. ದರ್ಜಿ ಮೆಷಿನ್ ನಿಲ್ಲಿಸಿದ. ಹೊಲಿಗೆ ಅರ್ಧಕ್ಕೇ ನಿಂತಿತು. ಕೀಲಿಯೂ ಇಲ್ಲ, ಟಾರ್ಚೂ ಬೇಕಿಲ್ಲ. ಹೋಗಿ ಕೂತು ತೊಡೆ ತಟ್ಟಿದ. ಅವಳು ತಲೆಯಿಟ್ಟು ಟೇಪಿನ ತುದಿ ಹಿಡಿದಳು. ಇಷ್ಟಕ್ಕೆ ಕೀಲಿ ಯಾಕೆ ಬೇಕಾಗಿತ್ತೋ ಎಂದುಕೊಂಡು ಅವಳ ಕೆನ್ನೆ ಸವರಿದ.

ಹೊರಗೆ ತಾಯಿಯ ದನಿ ಕೇಳಿಸಿತು. ಯಾವತ್ತಿನ ಹಾಗೆ ಮೆಟ್ಟಿಲ ಕೆಳಗೇ ನಿಂತು, "ಪುಟ್ಟೀ, ಬಾ" ಎಂದು ಕರೆಯುತ್ತಿದ್ದಳು.

ಪುಟ್ಟಿ ಏಳಲಿಲ್ಲ. ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು.

"ಅಪ್ಪಾ, ಮತ್ತೇನಾದ್ರೂ ಹೆಚ್ಚುಕಮ್ಮಿ ಆದ್ರೆ, ನೀವಿಬ್ರೂ ಬರ್ತೀರಲ್ವಾ?"