ಮೀಸಲು ಮುರಿದ ಸಾರು

ಚಿತ್ತೇಶನಿಗೆ ಬೇಕಾಗಿದ್ದದ್ದು ಹಂದಿ ಸಾರಲ್ಲ, ಸಾಕ್ಷಿ. ಅದಕ್ಕೇ ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನ ಹಿಂದಿರುವ ಮೈಲಾರಿ ಹೋಟೆಲಿನಲ್ಲಿ, ಒಳಗೆ ಜಾಗ ಖಾಲಿಯಿದ್ದರೂ ಬೀದಿ ಕಡೆಯ ಬೆಂಚಿನ ಮೇಲೆ ಹೋಗಿಬರುವವರಿಗೆಲ್ಲ ಮುಖ ಕಾಣುವ ಹಾಗೆ ಕೂತಿದ್ದ. ಹರಾಜಿನ ದಿನ. ಹುಳಿಯಾರು ಕಡೆಯ ಅವನ ಹಟ್ಟಿಯಿಂದ ಇಬ್ಬರು ಮೂವರಾದರೂ ಕೊಬ್ಬರಿ ಹಾಕಿಕೊಂಡು ಬಂದೇ ಬಂದಿರುತ್ತಾರೆ.

ಅವನ ಹಟ್ಟಿಯವರು ಹಂದಿ ಮುಟ್ಟುವವರಲ್ಲ. ಅದರಲ್ಲೂ ಚಿತ್ತೇಶ ಮೀಸಲು. ಪೂಜೆ ಮಾಡುವ ದೊಡ್ಡಪ್ಪ ಜುಂಜಪ್ಪನಿಗೆ ಗಂಡುಮಕ್ಕಳಿಲ್ಲವೆಂದು, ತಮ್ಮನ ಮಗನಾದ ಇವನನ್ನು ತೊಟ್ಟಿಲಲ್ಲಿದ್ದಾಗಲೇ ಹಟ್ಟಿ ದೇವರಿಗೆ ಮೀಸಲು ಬಿಟ್ಟಿದ್ದರು. ಹಬ್ಬಕ್ಕೆ ಮೀಸಲಿಟ್ಟ ಹಾಲಿಗೆ ತುಪ್ಪಕ್ಕೆ ಬಾಯಿಲ್ಲ, ಸರಿ. ಬಾಯಿ ಬಂದ ಮೇಲೂ ಈ ಹುಡುಗನನ್ನು ಯಾರೂ ಕೇಳಲಿಲ್ಲ. ಈಗ ದೊಡ್ಡಪ್ಪನ ಮೊಣಕಾಲು ಕೈಕೊಟ್ಟಿತ್ತು. ಬರುವ ಸೋಮವಾರ ಪೂಜೆಯ ಗಂಟೆ ಇವನ ಕೈಗೆ. ಆಮೇಲೆ ದಿನಾ ಸಂಜೆ ದೀಪ ಹಚ್ಚಬೇಕು, ಹೊರಗಿನ ಅನ್ನ ಮುಟ್ಟಬಾರದು, ಒಂದು ರಾತ್ರಿಯೂ ಹಟ್ಟಿ ಬಿಟ್ಟು ಮಲಗಬಾರದು.

ಅದನ್ನು ನೆನೆದರೆ ಚಿತ್ತೇಶನಿಗೆ ಉಸಿರು ಕಟ್ಟುತ್ತಿತ್ತು. ಕೊಬ್ಬರಿ ಲಾರಿಯಲ್ಲಿ ಕ್ಲೀನರಾಗಿ ದಿಲ್ಲಿಯವರೆಗೂ ಹೋಗಿಬಂದವನು. ಮೊನ್ನೆ ತಾನೇ ಲೈಸೆನ್ಸ್ ಕೈಗೆ ಬಂದಿತ್ತು, ಮುಂದಿನ ಲೋಡಿಗೆ ಅವನೇ ಡ್ರೈವರ್ ಎಂದು ಲಾರಿ ಸಾಹುಕಾರರೂ ಒಪ್ಪಿದ್ದರು. ಪೂಜೆ ಒಲ್ಲೆ ಅಂದರೆ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ದೊಡ್ಡಪ್ಪ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಹಂದಿ ತಿಂದವನಿಗೆ ಗುಡಿ ಬಾಗಿಲಿಲ್ಲ ಅಂತ ಹಟ್ಟಿಯಲ್ಲಿ ಚಿಕ್ಕಂದಿನಿಂದ ಕೇಳಿದ್ದ ಮಾತೊಂದೇ ಅವನಿಗೆ ಉಳಿದಿದ್ದ ದಾರಿ.

ಕಿವಿಯ ಒಂಟಿ ನೋಡಿಯೇ ಹೋಟೆಲಿನವ ಮೈಲಾರಿ ಇವನು ಹಟ್ಟಿಯವನೆಂದು ಗುರುತು ಹಿಡಿದ. ಇದು ಕುರಿಯದಲ್ಲ ಕಣಪ್ಪ ಎಂದು ಎರಡೆರಡು ಸಲ ಎಚ್ಚರಿಸಿದ. ಗೊತ್ತು, ಹಾಕು ಅಂದ ಚಿತ್ತೇಶ.

ಬಂದದ್ದು ಪಕ್ಕೆಮೂಳೆ ಸಾರು. ಮೆಣಸು, ಹುರಿದ ಧನಿಯ, ಸುಟ್ಟ ಕೊಬ್ಬರಿ ಅರೆದು ಹಾಕಿದ ಕಪ್ಪನೆಯ ಸಾರಿನಲ್ಲಿ ನೆಣ ತೇಲುತ್ತಿತ್ತು. ಪಕ್ಕದಲ್ಲಿ ಬಿಸಿ ಮುದ್ದೆ. ಮೊದಲ ತುತ್ತನ್ನು ನೀರು ಕುಡಿದು ನೂಕಿದ. ಎರಡನೆಯದು ಹಾಗೇ ಇಳಿಯಿತು. ಮೂರನೆಯದಕ್ಕೆ, ಸುಳ್ಳು ಯಾಕೆ ಹೇಳಬೇಕು, ರುಚಿ ಹತ್ತಿತು. ಮೂಳೆ ಚೀಪುತ್ತಾ ಚೀಪುತ್ತಾ, ತಾನು ಬಂದದ್ದು ಯಾಕೆಂಬುದೇ ಗಳಿಗೆ ಹೊತ್ತು ಮರೆತುಹೋಯಿತು.

ತಲೆಯೆತ್ತಿದರೆ ಎದುರಿನ ಎಸ್‌ಟಿಡಿ ಬೂತಿನ ಬಳಿ ಅವನ ಹಟ್ಟಿಯ ಸಣ್ಣತಿಮ್ಮಯ್ಯ ನಿಂತಿದ್ದ. ಕಣ್ಣಿಗೆ ಕಣ್ಣು ಕೂಡಿತು. ಚಿತ್ತೇಶ ಮೂಳೆಯನ್ನು ಬೇಕೆಂದೇ ಇನ್ನಷ್ಟು ಮೇಲೆತ್ತಿದ. ಸಣ್ಣತಿಮ್ಮಯ್ಯ ಕಂಡೂ ಕಾಣದವನ ಹಾಗೆ ಮುಖ ತಿರುಗಿಸಿ ಬಸ್‌ಸ್ಟ್ಯಾಂಡಿನ ಕಡೆ ಹೋದ. ಹೋಗಲಿ, ಊರ ಬಾಯಿಗೆ ಮುಚ್ಚಳ ಉಂಟೇ? ತನ್ನ ಕೆಲಸವನ್ನು ಅವನೇ ಮುಗಿಸುತ್ತಾನೆ ಎಂದುಕೊಂಡು ಚಿತ್ತೇಶ ಹಗುರಾಗಿ ಕೈ ತೊಳೆದ. ಬೈಸಿಕೊಳ್ಳುವುದಕ್ಕೆ, ಬೇಕಾದರೆ ಹೊಡೆಸಿಕೊಳ್ಳುವುದಕ್ಕೂ ತಯಾರಾಗಿಯೇ ಬಸ್ ಹತ್ತಿದ.

ಸಂಜೆ ಹಟ್ಟಿಗೆ ಬಂದಾಗ ಯಾರೂ ಬೈಯಲಿಲ್ಲ. ಹೆಂಗಸರು ತಮ್ಮ ಪಾಡಿಗೆ ಮೇಕೆಮರಿಗಳನ್ನು ದೊಡ್ಡಿಗೆ ಕೂಡುತ್ತಿದ್ದರು. ಹಟ್ಟಿಯ ಬೇಲಿಯಾಚೆ, ಬೇವಿನ ಮರದಡಿಯಲ್ಲಿ ದೊಡ್ಡಪ್ಪ ಒಬ್ಬನೇ ಕಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಹಂಡೆ ತುಂಬ ನೀರು, ಕುಡಿಕೆಯಲ್ಲಿ ಗಂಜಲ, ಒಂದು ಹಿಡಿ ಬೇವಿನ ಸೊಪ್ಪು, ಮಡಿಸಿಟ್ಟ ಹೊಸ ಪಂಚೆ. ಅದೆಲ್ಲ ಯಾರಿಗೆಂದು ಚಿತ್ತೇಶ ಊಹಿಸಿದ. ಆದರೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿಯೇಬಿಟ್ಟ.

"ಮೀಸಲು ಮುರ್ದಿವ್ನಿ ದೊಡ್ಡಪ್ಪ. ಹಂದಿ ತಿಂದೆ."

"ಸಣ್ಣತಿಮ್ಮ ಹೇಳ್ದ. ಅಂಗಿ ಬಿಚ್ಚು, ಕುಂತ್ಕ. ತಿಂದೋರ್ಗೆ ಶುದ್ಧ ಐತೆ."

ಹಂದಿ ತಿಂದವನಿಗೆ ಬಾಗಿಲಿಲ್ಲ ಅನ್ನುವುದು ಮಕ್ಕಳನ್ನು ಹೆದರಿಸುವ ಮಾತು. ದೊಡ್ಡವರ ಹತ್ತಿರ ಬಾಗಿಲ ಬೀಗದಕೈ ಬೇರೆಯೇ ಇತ್ತು. ಚಿತ್ತೇಶ ಅಂಗಿ ಬಿಚ್ಚಿ ಕೂತ. ದೊಡ್ಡಪ್ಪ ಬೇವಿನ ಸೊಪ್ಪನ್ನು ಗಂಜಲದಲ್ಲಿ ಅದ್ದುತ್ತಾ ಮೆಲ್ಲಗೆ ವಿಚಾರಿಸಿದ.

"ಕಕ್ಕಂಡ್ಯಾ?"

"ಇಲ್ಲ."

"ನಾನು ಕಕ್ಕಂಡಿದ್ದೆ. ಆವಾಗ ಹೋಟ್ಲು ಮೈಲಾರಿ ಅಪ್ಪಂದು. ನಂಗೆ ಮಿಲ್ಟ್ರಿ ಸೇರೋ ಹುಚ್ಚು ಕಣ್ಲಾ. ಹಂದಿ ತಿಂದ್ರೆ ಬುಟ್ಬುಡ್ತಾರೆ ಅನ್ಕಂಡಿದ್ದೆ."

ಚಿತ್ತೇಶ ಅವನ ಮುಖವನ್ನೇ ನೋಡಿದ. ಇಡೀ ಹಟ್ಟಿಯಲ್ಲಿ ತನ್ನ ಸಂಕಟ ಗೊತ್ತಿರುವ ಒಂದೇ ಜೀವ ಇಷ್ಟು ಹತ್ತಿರ ಕೂತಿದೆ ಎಂದು ತಿಳಿದು ಅಳು ಬಂತು, ಅದರ ಹಿಂದೆಯೇ ಆಸೆಯೂ ಬಂತು. ಮುದುಕನ ಕಾಲು ಹಿಡಿದುಕೊಂಡ.

"ನೀನೇ ಹಿಂಗಂದ್ಮೇಲೆ ನನ್ನ ಬುಟ್ಬುಡು ದೊಡ್ಡಪ್ಪ."

ಜುಂಜಪ್ಪ ಕಾಲು ಎಳೆದುಕೊಳ್ಳಲಿಲ್ಲ. ಹುಡುಗನ ತಲೆ ಸವರಿದ, ಕೂದಲನ್ನು ಹಿಂದಕ್ಕೆ ತಳ್ಳಿದ, ಹಂಡೆಗೆ ಚೊಂಬು ಅದ್ದಿದ.

"ನನ್ನ ಯಾರ್ಲಾ ಬುಟ್ರು?" ಅಂದು ಮೊದಲ ಚೊಂಬು ನೀರನ್ನು ಅವನ ನೆತ್ತಿಗೆ ಸುರಿದ.