ಕೆಸರು ಬಿಟ್ಟುಕೊಟ್ಟ ಗಾಡಿ

ವೆಲ್ಡರ್ ಭುಜದವರೆಗೆ ಕೈಯನ್ನು ಕೆಸರಿನೊಳಗೆ ಇಳಿಬಿಟ್ಟು, ಒಂದು ಕೆನ್ನೆಯನ್ನೂ ಕೆಸರಿಗೇ ಒತ್ತಿಕೊಂಡು, ತನ್ನ ಗಾಡಿಯ ಮುಂಭಾಗದ ಕೊಂಡಿಗಾಗಿ ತಡಕಾಡುತ್ತಿದ್ದ. ದಡದ ಮೇಲೆ ಇನ್ನೂರು ಮುನ್ನೂರು ಜನ ನಿಂತು ಅದನ್ನೇ ನೋಡುತ್ತಿದ್ದರು.

ಅವನದು ಆರು ಚಕ್ರದ ಗಾಡಿ. ದೋಣಿಯಂಥ ಒಡಲು, ಅದರ ಎರಡೂ ಬದಿಗೆ ಬಲೂನಿನಂತೆ ಉಬ್ಬಿದ ಚಕ್ರಗಳು, ಸ್ಟೀರಿಂಗ್ ಬದಲು ಎರಡು ಲಿವರ್. ನೆಲದ ಮೇಲೆ ಓಡುತ್ತದೆ, ನೀರು ಸಿಕ್ಕರೆ ತೇಲುತ್ತದೆ. ಕೆಸರು ಮಾತ್ರ ನೆಲವೂ ಅಲ್ಲ, ನೀರೂ ಅಲ್ಲ. ಅದರಲ್ಲಿ ಯಾವ ಗಾಡಿ ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡುವುದಕ್ಕೇ ಇಂಥ ಗಾಡಿಗಳವರೆಲ್ಲ ವರ್ಷಕ್ಕೊಮ್ಮೆ ಇಟ್ಟಿಗೆ ಕಾರ್ಖಾನೆಯ ಹಳೆಯ ಮಣ್ಣುಗುಂಡಿಯಲ್ಲಿ ಸೇರುತ್ತಿದ್ದರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಗುಂಡಿ ಕೆರೆಯಷ್ಟು ಅಗಲವಾಗಿ ಹಾಗೇ ಉಳಿದಿತ್ತು. ಈ ಸಲ ನೀರು ತುಂಬಾ ಇಳಿದಿದ್ದರಿಂದ, ಯಾವತ್ತೂ ಯಾರೂ ಕಾಲಿಡದ ಜೊಂಡಿನ ಮೂಲೆಯನ್ನೂ ಓಟದ ದಾರಿಗೆ ಸೇರಿಸಿದ್ದರು. ಆ ಮೂಲೆಯಲ್ಲೇ ವೆಲ್ಡರ್‌ನ ಗಾಡಿ ಮೂತಿ ಮುಂದಾಗಿ ಹೂತುಹೋಗಿತ್ತು.

ಸಿಕ್ಕಿಬಿದ್ದವರನ್ನು ಎಳೆಯುವ ಕೆಲಸ, ಹತ್ತಿರದಲ್ಲಿ ಯಾರ ಹತ್ತಿರ ತಂತಿಹಗ್ಗ ಸುತ್ತಿ ಎಳೆಯುವ ವಿಂಚ್ ಇದೆಯೋ ಅವರದು. ಅಲ್ಲಿನ ನಿಯಮ ಹಾಗಿತ್ತು. ಹತ್ತಿರದಲ್ಲಿ ವಿಂಚ್ ಇದ್ದದ್ದು ಅವನ ಅಣ್ಣನ ಲಾರಿಯಲ್ಲಿ. ಅಣ್ಣ ತಮ್ಮ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

"ಕೊಂಡಿ ಸಿಕ್ತಾ ಅಂತ ಕೇಳಿ ಅವನನ್ನ," ಎಂದ ಅಣ್ಣ. ತಮ್ಮನಿದ್ದದ್ದು ಅವನಿಂದ ಹತ್ತೇ ಮಾರು ದೂರದಲ್ಲಿ.

ಕೂಟ ನಡೆಸುವವನಿಗೆ ಎಲ್ಲರೂ ತುತ್ತೂರಿ ಎನ್ನುತ್ತಿದ್ದರು. ಕೈಯಲ್ಲಿ ಮೈಕಿಲ್ಲದೆ ಅವನನ್ನು ಕಂಡವರೇ ಇರಲಿಲ್ಲ. ಅವನು ಮೈಕನ್ನು ಬಾಯಿಗೆ ಹಿಡಿದು, "ಕೊಂಡಿ ಸಿಕ್ತಾ?" ಎಂದು ಕೂಗಿದ.

"ಹುಡುಕ್ತಾ ಇದ್ದೀನಿ ಅಂತ ಹೇಳಿ ಅವನಿಗೆ."

"ಹುಡುಕ್ತಾ ಇದ್ದಾನಂತೆ!"

"ಬೇಗ ಹುಡುಕೋಕೆ ಹೇಳಿ. ಎಂಜಿನ್ ಸುಮ್ಮನೆ ಉರೀತಾ ಇದೆ."

"ಅಯ್ಯೋ, ಒಬ್ಬರಿಗೊಬ್ಬರು ಹೇಳ್ಕೊಳ್ರಪ್ಪ, ನನ್ನ ಬ್ಯಾಟರಿ ಮುಗಿಯುತ್ತೆ!" ಎಂದು ತುತ್ತೂರಿ ಮೈಕಿನಲ್ಲೇ ಗೋಗರೆದಾಗ ದಡವೆಲ್ಲ ಗೊಳ್ಳೆಂದಿತು. ಅಣ್ಣ ನಗಲಿಲ್ಲ. ಲಾರಿಯ ಪಕ್ಕದಲ್ಲಿ ಒಣ ಟವೆಲುಗಳನ್ನು ಹಿಡಿದು ನಿಂತಿದ್ದ ಅವನ ಹೆಂಡತಿಯೂ ನಗಲಿಲ್ಲ. ಅವಳು ಅವತ್ತು ಬೆಳಗಿನಿಂದ ಜೊಂಡಿನ ಮೂಲೆಯ ಕಡೆಗೇ ನೋಡುತ್ತಿದ್ದಳು.

ಅಷ್ಟರಲ್ಲಿ ವೆಲ್ಡರ್‌ನ ಬೆರಳಿಗೆ ಬಳೆಯಂಥ ಕಬ್ಬಿಣ ಸಿಕ್ಕಿತು. ಅದರ ಬುಡವನ್ನು ಸವರಿ ನೋಡಿದ. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತ ಬೆಸುಗೆ. ಅದು ತನ್ನದೇ ಕೈ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ತನ್ನ ಬೆಸುಗೆ ಅವನಿಗೆ ಗೊತ್ತಾಗುತ್ತಿತ್ತು. ತಂತಿಹಗ್ಗದ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ, ಹಿಂದೆ ಸರಿದು ಕೈಯೆತ್ತಿದ.

ವಿಂಚ್ ತಿರುಗಿತು. ಹಗ್ಗ ಬಿಗಿದು ನಡುಗಿತು. ಆದರೆ ವೆಲ್ಡರ್‌ನ ಗಾಡಿ ಇದ್ದಲ್ಲಿಂದ ಒಂದಿಂಚೂ ಕದಲಲಿಲ್ಲ. ಅದರ ಮೂತಿಯಿಂದ ಮೂರಡಿ ಎಡಕ್ಕೆ ಕೆಸರು ಉಬ್ಬಿತು, ಬಿರಿಯಿತು. ಏನೋ ಒಂದು ದೊಡ್ಡದು ಬಾಯಿ ಚಪ್ಪರಿಸಿದಂಥ ಸದ್ದಿನೊಂದಿಗೆ ನಿಧಾನವಾಗಿ ಎದ್ದು ಬಂತು. ಮೊದಲು ಒಂದು ಮೂತಿ, ಆಮೇಲೆ ಒಂದು ಚಕ್ರ, ಅದರ ಹಿಂದೆ ಇನ್ನೊಂದು, ಮತ್ತೊಂದು, ಮಗದೊಂದು. ಕಪ್ಪು ಕೆಸರು ಜಾರಿಹೋದ ಕಡೆಯಲ್ಲೆಲ್ಲ ಕಿತ್ತಳೆ ಬಣ್ಣ.

"ಇದ್ಯಾರ ಗಾಡಿ?" ಎಂದಿತು ಮೈಕು.

ವೆಲ್ಡರ್ ಕೆಸರಿನಲ್ಲಿ ಕೂತಲ್ಲೇ ಕೂತಿದ್ದ. ಒಂದು ಬದಿಗೆ ನಾಲ್ಕು ಚಕ್ರ. ಅಂದರೆ ಒಟ್ಟು ಎಂಟು.

ಆ ಎಂಟು ಚಕ್ರದ ಗಾಡಿಯನ್ನು ಕಟ್ಟಿದ್ದು ಅವರೇ ಮೂವರು. ಎಂಜಿನ್ ಅಣ್ಣನದು, ಒಡಲು ಮತ್ತು ಬೆಸುಗೆ ತಮ್ಮನದು, ಸೀಟುಗಳು ಅತ್ತಿಗೆಯದು. ಅಣ್ಣ ತಮ್ಮಂದಿರ ವರ್ಕ್‌ಶಾಪಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅವಳು ಕಾರುಗಳಿಗೆ ಸೀಟು ಕವರ್ ಹೊಲಿಯುತ್ತಿದ್ದಳು. ಗಾಡಿ ಸಿದ್ಧವಾದಾಗ, ಕೂಟದಲ್ಲಿ ಮೊದಲ ಸಲ ಓಡಿಸುವವರು ಯಾರು ಎಂಬ ಜಗಳ ಹುಟ್ಟಿತು. ಒಂದು ಸಂಜೆ ಅದು ಕೈಕೈ ಮಿಲಾಯಿಸುವವರೆಗೆ ಹೋಯಿತು. ಮಾರನೆಯ ಬೆಳಿಗ್ಗೆ ಶೆಡ್ಡಿನಲ್ಲಿ ಗಾಡಿಯೇ ಇರಲಿಲ್ಲ. ಬೀಗ ಒಡೆದಿರಲಿಲ್ಲ, ತೆಗೆದಿತ್ತು. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ತನಗೆ ಓಡಿಸಲು ಸಿಗಬಾರದೆಂದು ತಮ್ಮನೇ ಎಲ್ಲೋ ಸಾಗಿಸಿದ್ದಾನೆ ಎಂದು ಅಣ್ಣ. ಅಣ್ಣನೇ ಬಚ್ಚಿಟ್ಟು ನಾಟಕವಾಡುತ್ತಿದ್ದಾನೆ ಎಂದು ತಮ್ಮ. ವಾರ ಕಳೆಯುವುದರೊಳಗೆ ವರ್ಕ್‌ಶಾಪಿನ ನಡುವೆ ಗೋಡೆ ಎದ್ದಿತ್ತು.

ಅಣ್ಣ ದಡದಿಂದ ಕೆಸರಿಗೆ ಹಾರಿ, ತೊಡೆಯವರೆಗೆ ಹೂತುಕೊಳ್ಳುತ್ತ, ಬೀಳುತ್ತ ಏಳುತ್ತ ಬಂದ. ತುತ್ತೂರಿಯ ನೆನಪು ಈಗ ಯಾರಿಗೂ ಇರಲಿಲ್ಲ.

"ಮುಳುಗಿಸಿಬಿಟ್ಟೆಯಲ್ಲೋ!" ಅವನ ದನಿ ಒಡೆದುಹೋಗಿತ್ತು. "ಎಲ್ಲೋ ಬಚ್ಚಿಟ್ಟಿದ್ದೀಯ ಅಂದ್ಕೊಂಡಿದ್ದೆ. ಮುಳುಗಿಸೋಕೆ ಹೇಗಾದ್ರೂ ಮನಸ್ಸು ಬಂತೋ ನಿನಗೆ?"

"ನಾನಾ? ಮುಳುಗಿಸಿದ್ದು ನೀನು! ನಾಲ್ಕು ವರ್ಷ ಊರ ತುಂಬ ನನ್ನ ಹೆಸರು ಕೆಡಿಸಿದ್ದೂ ನೀನೇ!"

"ನಾನ್ಯಾಕೋ ಮುಳುಗಿಸ್ಲಿ, ನನ್ನ ಎಂಜಿನ್ನು ಅದು!"

ಅಣ್ಣ ತಮ್ಮನ ಅಂಗಿ ಹಿಡಿದೇಬಿಟ್ಟ. ಇಬ್ಬರೂ ಕೆಸರಿನಲ್ಲಿ ನೆಟ್ಟಗೆ ನಿಲ್ಲಲಾರದೆ ಒಬ್ಬರನ್ನೊಬ್ಬರು ಹಿಡಿದುಕೊಂಡೇ ತೂರಾಡಿದರು. ದಡದಲ್ಲಿ ಯಾರೋ ಸಿಳ್ಳೆ ಹಾಕಿದರು; ಇದೂ ಆಟದ ಭಾಗ ಎಂದುಕೊಂಡಿರಬೇಕು.

"ನಾನು."

ಇಬ್ಬರಿಗೂ ಮೊದಲು ಕೇಳಿಸಲೇ ಇಲ್ಲ. ಅತ್ತಿಗೆ ಚಪ್ಪಲಿ ಬಿಟ್ಟು, ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡು ಕೆಸರಿನಲ್ಲಿ ಇಳಿದು ಬಂದಿದ್ದಳು. ಒಂದು ಟವೆಲು ಇನ್ನೂ ಅವಳ ಕೈಯಲ್ಲೇ ಇತ್ತು.

"ಅವನ ಅಂಗಿ ಬಿಡಿ. ಗಾಡಿ ತಂದಿದ್ದು ನಾನು."

ಅಣ್ಣನ ಕೈ ತಾನಾಗಿಯೇ ಸಡಿಲವಾಯಿತು. "ಏನಂದೆ?"

"ಆ ಬೆಳಿಗ್ಗೆ ನೀವು ಏಳೋ ಮುಂಚೆ, ಮೊಳೆಯಲ್ಲಿದ್ದ ನಿಮ್ಮ ಬೀಗದ ಕೈ ತಗೊಂಡು ಹೊರಟೆ. ಸೀಟು ಹೊಲಿದು ಮುಗಿಸಿದ ದಿನ ನಾನು ಒಂದು ಸುತ್ತು ಹೋಗ್ತೀನಿ ಅಂದೆ. ಇದೇನು ಹೊಲಿಗೆ ಮಿಷನ್ನಾ ಅಂತ ಇಬ್ಬರೂ ನಕ್ಕಿರಿ. ನಿಮಗೆ ನೆನಪಿರಲ್ಲ." ಅವಳ ಮಾತು ಏರಲೂ ಇಲ್ಲ, ಇಳಿಯಲೂ ಇಲ್ಲ, ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡು ಸವೆದ ಮಾತಿನಂತಿತ್ತು. "ಇಲ್ಲಿವರೆಗೆ ಚೆನ್ನಾಗೇ ಬಂದೆ. ಒಂದು ಕಡೆಯೂ ಆಫ್ ಆಗ್ಲಿಲ್ಲ. ನೀರಿಗೂ ಇಳಿಸಿದೆ, ತೇಲ್ತು. ಆಮೇಲೆ ಕಾಲಡಿಯಿಂದ ನೀರು ಬಂತು. ಯಾಕೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ ನನಗೆ. ಹಿಂದಕ್ಕೆ ತಿರುಗಿಸೋಣ ಅಂತ ಲಿವರ್ ಎಳೆದೆ. ಹಿಂಭಾಗ ಕುಸಿದೇಬಿಡ್ತು."

ಅಣ್ಣ ಗಾಡಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಗಾಡಿಯನ್ನು ನೋಡಿದ. ಅವನ ಬಾಯಿಂದ ಬಂದದ್ದು ಒಂದೇ ಮಾತು: "ನೀನು ಇದರೊಳಗಿದ್ದೆಯಾ?"

"ಇದ್ದೆ."

"ಮುಳುಗೋವಾಗ?"

"ಕಾಲು ಪೆಡಲ್ ಕೆಳಗೆ ಸಿಕ್ಕಿಕೊಂಡಿತ್ತು. ತಲೆ ಮೇಲೆ ನೀರು ಬಂತು. ಆಮೇಲೆ ಹೇಗೋ ಬಿಡ್ತು. ಜೊಂಡು ಹಿಡ್ಕೊಂಡು ದಡ ಸೇರಿದೆ."

ಏನಾದರೂ ಮಾಡಬೇಕೆಂದು ತೋಚಿತೋ ಏನೋ, ಮೆಕ್ಯಾನಿಕ್ ಅಣ್ಣನ ಕೈ ಗಾಡಿಯ ಹಿಂಭಾಗಕ್ಕೆ ಹೋಯಿತು. ತಳದ ಕೆಸರನ್ನು ಅಂಗೈಯಿಂದ ಬಳಿದ. ಒಳಗೆ ಸೇರಿದ ನೀರನ್ನು ಹೊರಬಿಡಲು ಇಂಥ ಗಾಡಿಗಳ ತಳದಲ್ಲಿ ಎರಡು ತೂತುಗಳಿರುತ್ತವೆ. ನೀರಿಗಿಳಿಸುವ ಮೊದಲು ಅವುಗಳಿಗೆ ಬಿರಡೆ ತಿರುಗಿಸಬೇಕು. ಅವನ ಹೆಬ್ಬೆರಳು ಒಂದು ತೂತಿನೊಳಗೆ ಸಲೀಸಾಗಿ ಇಳಿಯಿತು. ಪಕ್ಕದ್ದರೊಳಗೂ ಇಳಿಯಿತು.

"ಬಿರಡೆ ಇಲ್ಲ," ಎಂದ. "ಎರಡೂ ಇಲ್ಲ. ಹಿಂದಿನ ದಿನ ನಾನೇ ಹಾಕಿದ್ದೆನಲ್ಲ."

ವೆಲ್ಡರ್‌ಗೆ ಬೇರೆಯವರು ಹೇಳುವ ಮೊದಲು ತಾನೇ ಹೇಳಿಬಿಡಬೇಕು ಎನ್ನಿಸಿತು. ಬೇರೆ ಯಾರಿಗೂ ಅದು ಗೊತ್ತೇ ಇರಲಿಲ್ಲ ಎಂಬುದೂ ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

"ನಾನು ಬಿಚ್ಚಿದ್ದೆ, ಅಣ್ಣ."

ಅಣ್ಣ ತೂತಿನಿಂದ ಹೆಬ್ಬೆರಳು ತೆಗೆದು ಅವನ ಕಡೆ ತಿರುಗಿದ.

"ಜಗಳ ಆದ ಸಂಜೆ. ಸಿಟ್ಟಿನಲ್ಲಿ ಬಿಚ್ಚಿ ಜೇಬಿಗೆ ಹಾಕ್ಕೊಂಡು ಹೋದೆ. ನೀರಿಗಿಳಿಸೋ ಮುಂಚೆ ನೀನು ಬಿರಡೆ ನೋಡದೆ ಇರಲ್ಲ. ಕಾಣದಿದ್ರೆ ನನ್ನ ಹತ್ರ ಬಂದು ಕೇಳ್ಲೇಬೇಕು. ನೀನು ಬಂದು ಕೇಳ್ಲಿ ಅಂತ, ಅಷ್ಟೇ." ಅವನು ಅತ್ತಿಗೆಯ ಕಡೆ ತಿರುಗಿದ. ಅವಳ ಮುಖ ನೋಡಲಾಗದೆ ಅವಳ ಕೈಯ ಟವೆಲನ್ನೇ ನೋಡಿದ. "ನೀವು ಹೋಗ್ತೀರ ಅಂತ ಕನಸಿನಲ್ಲೂ ಅಂದ್ಕೊಂಡಿರಲಿಲ್ಲ, ಅತ್ತಿಗೆ."

ನಾಲ್ಕು ವರ್ಷದಿಂದ ಅತ್ತಿಗೆ ತನ್ನ ಕೈಯೇ ತಪ್ಪಿತು, ತನಗೆ ಓಡಿಸಲು ಬರಲಿಲ್ಲ, ಅದಕ್ಕೇ ಮುಳುಗಿತು ಎಂದು ತಿಳಿದಿದ್ದಳು. ಎಂಟು ಚಕ್ರದ ಗಾಡಿಯ ಅಂಚನ್ನು ಹಿಡಿದುಕೊಂಡು, "ಹಾಗಾದ್ರೆ ನಾನು ಸರಿಯಾಗೇ ಓಡಿಸಿದ್ದೆ," ಎಂದಳು ಕೊನೆಗೆ. ಹೇಳಿದವಳೇ ಅಳತೊಡಗಿದಳು. ಅವಳು ಅತ್ತದ್ದನ್ನು ಆ ಇಬ್ಬರೂ ನೋಡಿದ್ದು ಅದೇ ಮೊದಲು.

ದಡದಲ್ಲಿ ಜನ ಒಬ್ಬೊಬ್ಬರೇ ಹಿಂದೆ ಸರಿದರು. ತುತ್ತೂರಿ ಮೈಕನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ತಾನೇ ಕೆಸರಿಗಿಳಿದು ಬಂದು, ಬರಿಯ ಬಾಯಲ್ಲಿ ಮೆಲ್ಲಗೆ, "ಅಮ್ಮಾ, ಮೇಲೆ ಬನ್ನಿ, ಕಾಲು ಹೂತುಕೊಳ್ತಾ ಇದೆ," ಎಂದು ಕೈ ಚಾಚಿದ. ಹೌದು, ಅವಳು ತೊಡೆಯವರೆಗೆ ಇಳಿದುಹೋಗಿದ್ದಳು. ಮೂವರು ಗಂಡಸರು ಸೇರಿ ಅವಳನ್ನು ಎಳೆದು ದಡ ಸೇರಿಸಿದರು. ಎರಡೂ ಗಾಡಿಗಳನ್ನು ಆಮೇಲೆ ಬೇರೆಯವರು ಎಳೆದರು. ಅಣ್ಣ ವಿಂಚಿನ ಗುಂಡಿಯನ್ನು ಅವರಿಗೇ ಬಿಟ್ಟು ಹೆಂಡತಿಯ ಪಕ್ಕದಲ್ಲೇ ನಿಂತಿದ್ದ.

ಮಾರನೆಯ ದಿನ ಮಧ್ಯಾಹ್ನ ವೆಲ್ಡರ್ ಅಣ್ಣನ ಮನೆಗೆ ಬಂದ. ಬಾಗಿಲಲ್ಲೇ ನಿಂತ.

"ಒಳಗೆ ಬಾ, ನೊಣ ಬರುತ್ತೆ," ಎಂದಳು ಅತ್ತಿಗೆ.

ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತರು. ವೆಲ್ಡರ್ ತಪ್ಪಾಯಿತು ಎನ್ನಲು ಮಾತು ಹುಡುಕುತ್ತಿದ್ದ. ಅತ್ತಿಗೆಯೇ ತಡೆದಳು.

"ನನ್ನದೂ ತಪ್ಪೇ. ಗಾಡಿ ಮುಳುಗಿಸಿದ್ದಲ್ಲ, ಬಾಯಿ ಮುಚ್ಕೊಂಡಿದ್ದು. ಮೊದಲ ದಿನ ಭಯ. ವಾರ ಆದಮೇಲೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾರಲ್ಲ ಅನ್ನೋ ಭಯ. ಗೋಡೆ ಕಟ್ಟಿದ ಮೇಲೆ ಬಾಯಿಗೆ ಬೀಗವೇ ಬಿತ್ತು." ದನಿ ಗಟ್ಟಿ ಮಾಡಿದಳು. "ಆದ್ರೂ ಒಂದು ಮಾತು. ಕಾವಲುಗಾರನನ್ನ ಕೇಳಿದ್ರಿ, ಬೀಗ ಮಾಡೋನನ್ನ ಕೇಳಿದ್ರಿ, ಎದುರು ಅಂಗಡಿಯವನನ್ನ ಕೇಳಿದ್ರಿ. ನನ್ನನ್ನ ಯಾರಾದ್ರೂ ಕೇಳಿದ್ರಾ? ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ವೆಲ್ಡರ್ ತಲೆ ತಗ್ಗಿಸಿದ. ಅಣ್ಣ ಕಿಟಕಿಯ ಕಡೆ ನೋಡುತ್ತ ಏನನ್ನೋ ಲೆಕ್ಕ ಹಾಕುವವನಂತೆ ಕೂತಿದ್ದ. ಆಮೇಲೆ ಕೇಳಿದ:

"ಅವತ್ತು ನೀನು ಒದ್ದೆ ಮೈಯಲ್ಲಿ ಮನೆಗೆ ಬಂದೆಯಲ್ಲ. ನಾನು ಎದುರಿಗೆ ಸಿಕ್ಕಿದ್ದೆನಾ?"

"ಹಿತ್ತಲ ನಲ್ಲಿಯಲ್ಲಿ ಕಾಲು ತೊಳೀತಾ ಇದ್ದೆ. ಬಾಗಿಲಿಗೆ ಬಂದ್ರಿ."

"ಏನಂದೆ ನಾನು?"

ಅತ್ತಿಗೆ ಹೇಳಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿದಳು.

"ಕಾಫಿ ಯಾಕೆ ಇನ್ನೂ ಆಗಿಲ್ಲ ಅಂದ್ರಿ."

ಅಣ್ಣ ಎದ್ದು ಹೊರಗೆ ಹೋದ. ಹಿತ್ತಲ ಮೆಟ್ಟಿಲ ಮೇಲೆ ನಲ್ಲಿಯ ಎದುರು ಕೂತವನು ಸಂಜೆಯವರೆಗೆ ಏಳಲಿಲ್ಲ. ವೆಲ್ಡರ್ ಹೋಗಿ ಪಕ್ಕದಲ್ಲಿ ಕೂತ. ಅವನೂ ಏಳಲಿಲ್ಲ.

ಅಣ್ಣ ತಮ್ಮ ಮೊದಲಿನಂತಾದರು ಎಂದು ಹೇಳಿದರೆ ಸುಳ್ಳಾದೀತು. ಮಾತು ಶುರುವಾಯಿತು, ಬೇಕಾದಾಗ ಬೇಕಾದಷ್ಟು. ಹಳೆಯ ಎಂಜಿನ್ ತುಕ್ಕು ಹಿಡಿದು ಮುದ್ದೆಯಾಗಿತ್ತು, ಅದನ್ನು ರಿಪೇರಿ ಮಾಡುವ ಉಮೇದು ಯಾರಿಗೂ ಬರಲಿಲ್ಲ. ವೆಲ್ಡರ್ ತನ್ನ ಗಾಡಿ ತಂದು, ಒಂದು ಸುತ್ತು ನೀವೇ ಓಡಿಸಿ ಎಂದು ಅತ್ತಿಗೆಯನ್ನು ಕರೆದಾಗ, "ಈಗ ಬೇಡ, ಕೈಯಲ್ಲಿ ಆರು ಸೀಟಿನ ಕೆಲಸ ಇದೆ," ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಅಣ್ಣನಿಗೆ ಮಾತ್ರ ಒಂದು ಹೊಸ ಅಭ್ಯಾಸ ಅಂಟಿಕೊಂಡಿತು. ಕೆಲಸದ ಮಧ್ಯೆ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಎದ್ದು ಬರುತ್ತಾನೆ. ಹೊಲಿಗೆ ಯಂತ್ರದ ಹತ್ತಿರ ನಿಂತು ಸುಮ್ಮನೆ ನೋಡುತ್ತಾನೆ. ದಿನಕ್ಕೆ ನಾಲ್ಕೈದು ಸಲ.

ಅವಳು ತಲೆಯೆತ್ತದೆ, ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುತ್ತಲೇ ಹೇಳುತ್ತಾಳೆ: "ಇದ್ದೀನಿ. ಹೋಗಿ ಕೆಲಸ ನೋಡಿ."