ಗಂಗಾಧರಯ್ಯನವರು ಹುಡುಕಿದ ನಿಯಮ

ಎರಡು ವಸ್ತುಗಳು ಒಂದರ ಹತ್ತಿರ ಒಂದು ಬಂದದ್ದು ಕಂಡರೆ ಸಾಕು, ಗಂಗಾಧರಯ್ಯನವರ ನಾಲಗೆ ಸುಮ್ಮನಿರುತ್ತಿರಲಿಲ್ಲ: "ಇದು ಅದುಕ್ಕೆ ತಾಕಿದ್ರೆ ಏನಾಯ್ತದೆ ಸಾ?" ಹಾಸನದ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಟೀನಿನಲ್ಲಿ ನೊಣ ಉಪ್ಪಿಟ್ಟಿನ ಸಮೀಪಕ್ಕೆ ಬಂದರೂ ಅದೇ ಪ್ರಶ್ನೆ. ಕನ್ನಡ ಮೇಷ್ಟ್ರಾದ ನಾನು "ನಿಮ್ಮ ತಲೆ" ಎಂದು ರೇಗುತ್ತಿದ್ದೆ.

ಕಂಪ್ಯೂಟರ್ ವಿಭಾಗದ ಮೇಷ್ಟ್ರಾದ ಅವರ ಕಸುಬೇ ಅದು. ಸಣ್ಣಪುಟ್ಟ ವಿಡಿಯೊ ಗೇಮುಗಳನ್ನು ಹತ್ತಿಪ್ಪತ್ತು ಸಾಲಿನ ಕೋಡಿನಲ್ಲಿ ವರ್ಣಿಸುವುದು: ಆಟದಲ್ಲಿ ಯಾರು ಯಾರಿದ್ದಾರೆ, ಯಾವುದು ಯಾವುದಕ್ಕೆ ತಾಕಿದರೆ ಏನಾಗುತ್ತದೆ, ಆಟ ಎಲ್ಲಿಗೆ ಮುಗಿಯುತ್ತದೆ. ಅದನ್ನೋದಿ, ಹಿಂದೆಂದೂ ಕಾಣದ ಆಟವನ್ನೂ ಕಂಪ್ಯೂಟರು ತಾನಾಗಿ ಆಡಲು ಕಲಿಯುತ್ತದೆಯೇ ಎಂಬುದು ಸಂಶೋಧನೆ. ಮೊಣಕೈ ಸವೆದ ಕಂದು ಸ್ವೆಟರು ತೊಟ್ಟು, ಒಂದು ಭುಜ ತಗ್ಗಿಸಿ, ಗೋಡೆಯ ಅಂಚಿಗೇ ಸರಿದು ನಡೆಯುವ ಆ ನಿಗರ್ವಿ ಅಂಥ ನೂರಾರು ಆಟ ಬರೆದು, ಕಡೆಗೆ ಸೋತದ್ದು ಒಂದೇ ಒಂದಕ್ಕೆ, ಮಲ್ಲಿಪಟ್ಟಣದಲ್ಲಿ ಅಕ್ಕ ಸಣ್ಣಕ್ಕ ಜಗಲಿಯ ಮೇಲೆ ಸುಣ್ಣದ ಗೆರೆ ಎಳೆದು ಕಲಿಸಿದ್ದ ಹುಲಿ-ಕುರಿ ಆಟಕ್ಕೆ.

"ನಾನು ಯಾವಾಗ್ಲೂ ಕುರಿ ಸಾ, ದಿನಾ ಗೆಲ್ತಿದ್ದೆ. ಕಂಪ್ಯೂಟರ್‌ನಲ್ಲಿ ನೋಡಿದ್ರೆ ಹುಲೀನೇ ಗೆಲ್ತದೆ. ಯಾವುದೋ ಒಂದು ರೂಲು ಮರೆತ್ಬುಟ್ಟಿದ್ದೀನಿ."

"ಹೋಗಿ ಅಕ್ಕನನ್ನೇ ಕೇಳಿ, ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ" ಎಂದೆ. ಕಿವಿ ಮಂದವಾದ ಆಕೆಗೆ ಫೋನು ಕೇಳಿಸದು. "ಪೂರ್ತಿ ಮಾಡ್ಕಂಡೇ ಓಗ್ತೀನಿ ಸಾ, ಅಕ್ಕನ್ನ ಕೂರುಸ್ಕಂಡು ಆಡುಸ್ತೀನಿ" ಎಂಬುದು ಅವರ ಹಟ. ತಿಂದ ಹುಲಿ ಒಂದು ಸುತ್ತು ಮಲಗಬೇಕೇನೋ, ಕುರಿಗೆ ಎರಡು ಹೆಜ್ಜೆಯೇನೋ ಎಂದು ಒಂದೊಂದೇ ನಿಯಮ ಸೇರಿಸಿ, ಅಳಿಸಿ, ಒಂದು ವರ್ಷ ಕಳೆದರು. ಅಷ್ಟರಲ್ಲಿ ಸಣ್ಣಕ್ಕ ತೀರಿಕೊಂಡರು.

ತಿಥಿಯ ದಿನ ನಾನೂ ಜೊತೆಗಿದ್ದೆ. ಊಟವಾದ ಮೇಲೆ ಸಣ್ಣಕ್ಕನ ಮಗಳು ಬಸವಲಿಂಗಮ್ಮನನ್ನು, ತಾವು ಮರೆತ ಆ ರೂಲು ಯಾವುದೆಂದು ಅವರು ಕೇಳಿಯೇಬಿಟ್ಟರು. ಆಕೆ ಎಲೆ ಎತ್ತುತ್ತಲೇ ಹೇಳಿದಳು:

"ರೂಲೂ ಇಲ್ಲ ಏನೂ ಇಲ್ಲ ಮಾವ. ನೀನು ಸೋತ್ರೆ ಉಣ್ಣಕ್ಕೆ ಬತ್ತಿರ್ನಿಲ್ವಂತೆ. ಅದ್ಕೇ ಕುರಿ ಬಾಯಿಗೆ ಬಂದ್ರೂ ಅವ್ವ ಹುಲೀನ ಬ್ಯಾರೆ ಕಡೀಕೆ ನಡುಸ್ತಿತ್ತಂತೆ."

ಗಂಗಾಧರಯ್ಯನವರು ಜಗಲಿಗೆ ಬಂದು ಕೂತರು; ಗೆರೆಗಳಿದ್ದ ಕಡೆ ಈಗ ಟೈಲ್ಸು. ಸ್ವೆಟರಿನ ತೋಳಿಗೆ ಮುಖ ಒತ್ತಿ ಅತ್ತರು. ಆಮೇಲೆ ಆ ಆಟವನ್ನು ಅವರು ತಿದ್ದಲಿಲ್ಲ. ಈಗ ನೊಣ ಉಪ್ಪಿಟ್ಟಿನ ಮೇಲೆಯೇ ಕೂತರೂ ಏನೂ ಕೇಳುವುದಿಲ್ಲ.

ಲೋಕವನ್ನೆಲ್ಲ ನಿಯಮಕ್ಕಿಳಿಸಲು ಹೊರಟ ಇಂಥ ಸಜ್ಜನರು, ಬಾಲ್ಯದಲ್ಲಿ ತಮ್ಮನ್ನು ಗೆಲ್ಲಿಸಿದ್ದು ಆಟವೇ ಎಂದು ಬಹುಕಾಲ ನಂಬಿರುತ್ತಾರೆ. ಗೆಲ್ಲಿಸಿದವರ ಮನೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯಲ್ಲೇ ಇರುತ್ತದೆ, ಅವರು ಇರುವಷ್ಟು ದಿನ.